ವಿಬ್ರಿಯೊ ಜೀನ್ ಹೋಲಿಸುವುದು ಹೇಗೆ? ಖಾಲಿ ಜಾಗ ಮೂರರ ಮಗ್ಗಿಯಲ್ಲಿರಲಿ

ಹಾಸನದಿಂದ ಸಮುದ್ರ ನೋಡಬೇಕಾದರೆ ಶಿರಾಡಿ ಘಾಟಿ ಇಳಿಯಬೇಕು. ಆದರೆ ವಿಬ್ರಿಯೊದಂಥ ಸಮುದ್ರದ ಬ್ಯಾಕ್ಟೀರಿಯಾ ಮೇಲೆ ಪ್ರಾಜೆಕ್ಟ್ ಮಾಡಲು ಲ್ಯಾಪ್‌ಟಾಪ್ ಇದ್ದರೆ ಸಾಕು, ಜೀನ್‌ಗಳ ಮಾಹಿತಿಯೆಲ್ಲ ಪುಕ್ಕಟೆ ಸಿಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ವೈವಾಕ್ಕೆ ಬರುವ ವರದಿಗಳಲ್ಲಿ ‘ಮ್ಯುಟೇಶನ್’ (ಜೀನಿನ ಅಕ್ಷರ ಬದಲಾಗಿದೆ) ಎಂದು ಕೆಂಪು ಬಳಿದಿರುತ್ತಾರಲ್ಲ, ಅದರಲ್ಲಿ ಬಹುಪಾಲು ಮ್ಯುಟೇಶನ್ನೇ ಅಲ್ಲ. ಅಕ್ಷರ ಜೋಡಿಸುವಾಗ ಆದ ಎಡವಟ್ಟು.

ವಿಷಯ ಇದು: ವಿಬ್ರಿಯೊ ಗುಂಪಿನ ಟೈಪ್ 6 ಸ್ರವಿಕೆ ವ್ಯವಸ್ಥೆ. 2006ರಲ್ಲಿ ಕಾಲರಾ ತರುವ ವಿಬ್ರಿಯೊ ಕಾಲರೆಯಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಒಳಗೊಂದು ಕೊಳವೆ, ತುದಿಯಲ್ಲಿ ಮೊನೆ, ಸುತ್ತ ಕವಚ. ಕವಚ ಗಕ್ಕನೆ ಕುಗ್ಗಿದರೆ ಕೊಳವೆ ಪಕ್ಕದ ಜೀವಕೋಶಕ್ಕೆ ನುಗ್ಗಿ ವಿಷ ಬಿಡುತ್ತದೆ. ಬ್ಯಾಕ್ಟೀರಿಯಾಗೆ ಅಂಟುವ ಫೇಜ್ ವೈರಸ್ಸಿನ ಬಾಲಕ್ಕೂ ಇದಕ್ಕೂ ನೆಂಟಸ್ತನ ಇದೆ.

ಮೊದಲು ಜೀನ್ ಆರಿಸಿ. ಎಲ್ಲರೂ ಕೊಳವೆಯ ಜೀನ್ ಎಚ್‌ಸಿಪಿ ಹಿಡಿಯುತ್ತಾರೆ. ಬೇಡ. ಅದು ತೀರಾ ಚಿಕ್ಕದು. ಜೊತೆಗೆ ವಿಬ್ರಿಯೊ ಕಾಲರೆಯಲ್ಲಿ ಹೆಚ್ಚುಕಮ್ಮಿ ಒಂದೇ ಥರದ ಎರಡು ಪ್ರತಿಗಳಿವೆ, ಯಾವುದು ಯಾವುದೆಂದು ತಲೆಕೆಡುತ್ತದೆ. ಕವಚದ ದೊಡ್ಡ ಭಾಗ ವಿಪ್‌ಬಿ ತೆಗೆದುಕೊಳ್ಳಿ. ಎನ್16961 ತಳಿಯಲ್ಲಿ ಅದರ ಗುರುತು ವಿಸಿಎ0108, ಇರುವುದು ಚಿಕ್ಕ ಕ್ರೋಮೋಸೋಮಿನಲ್ಲಿ. ಕೆಲವು ಕಡೆ ಟಿಎಸ್‌ಎಸ್‌ಸಿ ಎಂಬ ಹೆಸರೂ ಇದೆ.

ಆಮೇಲೆ ಜೀನ್‌ಗಳ ಪುಕ್ಕಟೆ ಭಂಡಾರ ಎನ್‌ಸಿಬಿಐನಲ್ಲಿ ಬ್ಲಾಸ್ಟ್ ಮಾಡಿ, ಅಂದರೆ ಇದನ್ನು ಹೋಲುವ ಜೀನ್‌ಗಳನ್ನು ಹುಡುಕಿ, ಹತ್ತು ಹನ್ನೆರಡು ತಳಿಗಳ ಫಾಸ್ಟಾ (ಜೀನಿನ ಅಕ್ಷರಗಳಿರುವ ಸಾದಾ ಫೈಲ್) ಇಳಿಸಿಕೊಳ್ಳಿ. ವರ್ಡ್‌ನಲ್ಲಿ ಪೇಸ್ಟ್ ಮಾಡಬೇಡಿ, ನೋಟ್‌ಪ್ಯಾಡ್ ಬಳಸಿ. ಬಸ್ ಸ್ಟ್ಯಾಂಡ್ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ರೆಡಿಮೇಡ್ ಪ್ರಾಜೆಕ್ಟ್‌ಗೆ ದುಡ್ಡು ಸುರಿಯಲೂ ಬೇಡಿ. ಅದೇ ಚಿತ್ರ ಮೂರು ಜನರ ವರದಿಯಲ್ಲಿ ಇರುತ್ತದೆ, ನಮಗೆ ಗೊತ್ತಾಗುತ್ತದೆ.

ಈಗ ಜೋಡಣೆ, ಅಂದರೆ ಎಲ್ಲ ತಳಿಗಳ ಜೀನನ್ನು ಒಂದರ ಕೆಳಗೊಂದು ಇಟ್ಟು, ಬೇಕಾದ ಕಡೆ ಖಾಲಿ ಜಾಗ ಬಿಟ್ಟು, ಅಕ್ಷರ ಹೊಂದಿಸುವುದು. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಜೀವಕೋಶ ಡಿಎನ್‌ಎಯನ್ನು ಮೂರು ಮೂರು ಅಕ್ಷರಗಳಲ್ಲಿ ಓದಿಕೊಳ್ಳುತ್ತದೆ, ಆ ಮೂರಕ್ಷರವೇ ಕೋಡಾನ್. ನಡುವೆ ಒಂದಕ್ಷರದ ಖಾಲಿ ಜಾಗ ಬಿತ್ತೋ, ಅಂಗಿಯ ಗುಂಡಿ ಒಂದು ತಪ್ಪಿದ ಹಾಗೆ ಕೆಳಗಿನವರೆಗೂ ತಪ್ಪೇ. ಆದ್ದರಿಂದ ಬರೀ ಡಿಎನ್‌ಎ ಜೋಡಿಸಬೇಡಿ. ಮೆಗಾ ಸಾಫ್ಟ್‌ವೇರ್‌ನಲ್ಲಿ ಜೋಡಿಸುವ ವಿಧಾನ ಮಸಲ್ ಒತ್ತಿದಾಗ ‘ಅಲೈನ್ ಕೋಡಾನ್ಸ್’ ಎಂಬ ಆಯ್ಕೆ ಇದೆ, ಅದನ್ನೇ ಆರಿಸಿ. ಅದು ಮೊದಲು ಪ್ರೋಟೀನಾಗಿ ಓದಿ ಜೋಡಿಸಿ, ಮತ್ತೆ ಡಿಎನ್‌ಎಗೆ ಮರಳುತ್ತದೆ. ನಡುವೆಯೇ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಮೂರಕ್ಷರ) ಸಾಲುಸಾಲಾಗಿ ಕಂಡರೆ ನೀವು ಜೀನನ್ನು ಉಲ್ಟಾ ಎಳೆಯಿಂದ ಇಳಿಸಿಕೊಂಡಿರಬಹುದು. ಅದನ್ನು ರಿವರ್ಸ್ ಕಾಂಪ್ಲಿಮೆಂಟ್ ಮಾಡಿ, ಅಂದರೆ ಎದುರು ಎಳೆಯ ಅಕ್ಷರಗಳಿಗೆ ತಿರುಗಿಸಿ, ಮತ್ತೆ ನೋಡಿ.

ನಂತರ ಕಣ್ಣಿಟ್ಟು ನೋಡುವ ಕೆಲಸ. ಇದನ್ನು ಯಾವ ಸಾಫ್ಟ್‌ವೇರೂ ನಿಮ್ಮ ಪರವಾಗಿ ಮಾಡುವುದಿಲ್ಲ. ಖಾಲಿ ಜಾಗ ಮೂರು, ಆರು, ಒಂಬತ್ತು ಹೀಗೆ ಮೂರರ ಮಗ್ಗಿಯಲ್ಲಿ ಇದೆಯಾ? ಒಂದೋ ಎರಡೋ ಅಕ್ಷರದ್ದಾದರೆ ಮೊದಲು ಸೀಕ್ವೆನ್ಸಿಂಗ್ ತಪ್ಪೇ ಇರಬೇಕೆಂದು ಅನುಮಾನಿಸಿ. ಒಂದು ತಳಿಯ ಜೀನ್ ಶುರುವಿನಲ್ಲಿ ಮಾತ್ರ ಗಿಡ್ಡ ಇದೆಯಾ? ತಕ್ಷಣ ‘ಡಿಲೀಶನ್’ (ಅಕ್ಷರ ಅಳಿಸಿಹೋಗಿದೆ) ಎಂದು ಬರೆಯಬೇಡಿ. ಆ ತಳಿಯ ಜೀನೋಮಿನಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಬಹಳ ಸಲ ಅದೇ ಅಕ್ಷರಗಳು ಅಲ್ಲೇ ಇರುತ್ತವೆ, ಗುರುತು ಹಾಕಿದವರು ಬೇರೆ ಜಾಗದಿಂದ ಶುರು ಮಾಡಿರುತ್ತಾರೆ ಅಷ್ಟೇ. ಬ್ಯಾಕ್ಟೀರಿಯಾದಲ್ಲಿ ಜಿಟಿಜಿ ಇಂದಲೂ ಜೀನ್ ಶುರುವಾಗುತ್ತದೆ, ಅದೂ ಮ್ಯುಟೇಶನ್ ಅಲ್ಲ.

ಇಷ್ಟಾದ ಮೇಲೆ ಎಣಿಸಿ. ಜಿಎಎ ಹೋಗಿ ಜಿಎಜಿ ಆದರೆ ಎರಡೂ ಗ್ಲುಟಮೇಟ್ ಎಂಬ ಅಮೈನೋ ಆಮ್ಲವೇ, ಪ್ರೋಟೀನಿಗೆ ಬದಲಾವಣೆ ಗೊತ್ತೇ ಆಗುವುದಿಲ್ಲ. ಜಿಟಿಎ ಆದರೆ ವ್ಯಾಲಿನ್, ಅದು ಬೇರೆಯೇ ಅಮೈನೋ ಆಮ್ಲ. ಈ ಎರಡು ಬಗೆಯನ್ನು ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಒಟ್ಟು ಲೆಕ್ಕ ಒಂದೇ ಕೊಟ್ಟರೆ ಅದರಿಂದ ಏನೂ ತಿಳಿಯುವುದಿಲ್ಲ.

ತಳಿಗಳ ನೆಂಟಸ್ತನ ತೋರಿಸುವ ಮರ ಬರೆಸುವುದು ಸುಲಭ, ಬೂಟ್‌ಸ್ಟ್ರಾಪ್ (ಕೊಂಬೆಗಳು ಎಷ್ಟು ಗಟ್ಟಿ ಎಂದು ಮತ್ತೆ ಮತ್ತೆ ಪರೀಕ್ಷಿಸುವುದು) 1000 ಇಟ್ಟು ಟೀ ಕುಡಿದು ಬನ್ನಿ.

ಮರ ಓದುವಾಗ ಮಾತ್ರ ಎಡವುವ ಜಾಗ ಒಂದಿದೆ. ಸಿಗಡಿ, ಮೀನು ಸರಿಯಾಗಿ ಬೇಯದಿದ್ದರೆ ಹೊಟ್ಟೆ ಕೆಡಿಸುವ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್‌ನ ಆರ್‌ಐಎಂಡಿ 2210633 ತಳಿಯಲ್ಲಿ ಟೈಪ್ 6 ವ್ಯವಸ್ಥೆಗಳೇ ಎರಡಿವೆ, ಕ್ರೋಮೋಸೋಮಿಗೆ ಒಂದರಂತೆ. ಎರಡರ ಕವಚದ ಜೀನೂ ಬೇರೆ ಬೇರೆ ವಂಶದ್ದು. ಅವೆರಡನ್ನೂ ಪಕ್ಕಪಕ್ಕ ಇಟ್ಟು ‘ಇಷ್ಟೊಂದು ಮ್ಯುಟೇಶನ್ ಆಗಿದೆ’ ಎಂದರೆ ನಾನಂತೂ ಅಂಕ ಕೊಡುವುದಿಲ್ಲ. ಈ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಅಡ್ಡಡ್ಡ ದಾಟಿಯೂ ಬಂದಿರುತ್ತವೆ. ಹಾಗಾಗಿ ಜೀನಿನ ಮರವೂ ಜಾತಿಯ ಮರವೂ ಒಂದೇ ಆಗಿರಬೇಕಿಲ್ಲ. ಎರಡನ್ನೂ ಬರೆಸಿ, ಅಕ್ಕಪಕ್ಕ ಅಂಟಿಸಿ.

ಕೊನೆಗೆ, ತೀರ್ಮಾನದ ಪುಟದಲ್ಲಿ ‘ಈ ತಳಿ ಬೇರೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ’ ಎಂದು ಬರೆಯಬೇಡಿ. ವಿಬ್ರಿಯೊ ಕಾಲರೆಯ ವಿ52 ತಳಿಯಲ್ಲೂ ಎನ್16961ರಲ್ಲೂ ವಿಪ್‌ಬಿ ಇದೆ. ಆದರೆ ಮಾಮೂಲಿ ಲ್ಯಾಬ್ ಸ್ಥಿತಿಯಲ್ಲಿ ವಿ52 ಚುಚ್ಚುತ್ತಲೇ ಇರುತ್ತದೆ, ಎನ್16961 ಸುಮ್ನೆ ಕೂತಿರುತ್ತದೆ. ನೀವು ನೋಡಿದ್ದು ಜೀನ್ ಮಾತ್ರ, ಅಷ್ಟನ್ನೇ ಬರೆಯಿರಿ.