ಅಳಿಯನ ಕಂಟ್ರೋಲರಿಗೆ ಇನ್ನೊಂದು ಬಟನ್

ವಿಜಯಪುರದಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್‌ಗಳು ಸಾಲಾಗಿ ಸುಟ್ಟು ಬರುತ್ತವೆ, ಊಟಕ್ಕೂ ಪುರುಸೊತ್ತಿರುವುದಿಲ್ಲ. ಶ್ರಾವಣ ಬಂತೆಂದರೆ ಒಂದೆರಡು ಫ್ಯಾನು, ಮಿಕ್ಸರ್, ಅಷ್ಟೇ. ಅಂಥ ಒಂದು ಮಧ್ಯಾಹ್ನ ಅಕ್ಕನ ಮಗ ಗೇಮ್ ಕಂಟ್ರೋಲರ್ ಹಿಡಿದುಕೊಂಡು ಬಂದ.

"ಮಾಮಾ, ಇದರಾಗಿನ ಆರ್-1 ನನಗ ಒತ್ತಾಕ ಬರವಲ್ದು. ಬ್ಯಾರೆ ಕಡೆ ಒಂದು ಬಟನ್ ಹಚ್ಚಿ ಕೊಡ್ತಿ ಏನ?"

ಆರ್-1 ಅಂದರೆ ಕಂಟ್ರೋಲರಿನ ಮುಂದಿನ ಅಂಚಿನಲ್ಲಿ, ಬಲಗೈ ತೋರುಬೆರಳಿನಿಂದ ಒತ್ತುವ ಬಟನ್. ಹೋದ ವರ್ಷ ಬೈಕಿನಿಂದ ಬಿದ್ದ ಮೇಲೆ ಅವನ ಆ ಬೆರಳು ಮಡಚುವುದಿಲ್ಲ. ಅವನಾಡುವ ಫುಟ್‌ಬಾಲ್ ಆಟದಲ್ಲಿ ಆರ್-1 ಒತ್ತಿ ಹಿಡಿದರೆ ಮಾತ್ರ ಆಟಗಾರ ಓಡುತ್ತಾನೆ. ಹಾಗಾಗಿ ಇವನ ತಂಡ ನಡೆದುಕೊಂಡೇ ಸೋಲುತ್ತಿತ್ತು.

ಅದು ಕಂಪ್ಯೂಟರಿಗೆ ವೈರಿನಿಂದ ಜೋಡಿಸುವ ಅಗ್ಗದ ಕಂಟ್ರೋಲರ್. ಹಿಂದಿನ ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ಬಾಯಿ ಬಿಡಲಿಲ್ಲ. ಕೊನೆಯ ಸ್ಕ್ರೂ ಸ್ಟಿಕ್ಕರ್ ಕೆಳಗೆ ಅಡಗಿತ್ತು. ತೆರೆದ ತಕ್ಷಣ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟೆ. ಯಾವ ರಬ್ಬರ್ ಎಲ್ಲಿತ್ತು ಅನ್ನೋದು ಹತ್ತು ನಿಮಿಷಕ್ಕೇ ಮರೆತುಹೋಗುತ್ತದೆ.

ಒಳಗೆ ದೊಡ್ಡ ವಿದ್ಯೆ ಏನೂ ಇಲ್ಲ. ಬಟನ್ ಒತ್ತಿದರೆ ಅದರಡಿಯ ರಬ್ಬರಿನ ಕರಿ ಚುಕ್ಕೆ ಬೋರ್ಡಿನ ಎರಡು ಗೆರೆಗಳನ್ನು ಕೂಡಿಸುತ್ತದೆ. ಹೊಸ ಬಟನ್ ಕೂಡ ಅದೇ ಎರಡು ಗೆರೆಗಳನ್ನು ಕೂಡಿಸಿದರೆ ಸಾಕು. ಒಂದೇ ಕಾಲಿಂಗ್ ಬೆಲ್ಲಿಗೆ ಮುಂಬಾಗಿಲಲ್ಲೊಂದು, ಹಿತ್ತಿಲಲ್ಲೊಂದು ಬಟನ್ ಇಟ್ಟ ಹಾಗೆ. ಹಳೆಯದು ಹಳೆಯ ಕೆಲಸ ಮಾಡುತ್ತಲೇ ಇರುತ್ತದೆ.

ಇದರಲ್ಲಿ ಆರ್-1, ಅದರ ಕೆಳಗಿನ ಆರ್-2 ಬಟನ್ ಎರಡಕ್ಕೂ ಸೇರಿ ಒಂದು ಚಿಕ್ಕ ಬೋರ್ಡ್ ಇತ್ತು. ಅದಕ್ಕೆ ಮೂರು ವೈರ್: ಒಂದು ಕಾಮನ್, ಅಂದರೆ ಎರಡಕ್ಕೂ ಸೇರಿದ್ದು, ಉಳಿದೆರಡು ಒಂದೊಂದು ಬಟನ್‌ನವು. ಯಾವುದು ಯಾವುದೆಂದು ನೋಡಲು ಮಲ್ಟಿಮೀಟರನ್ನು, ತಂತಿ ಕೂಡಿದ್ದರೆ ಸದ್ದು ಮಾಡುವ ಬೀಪ್‌ಗೆ ಇಟ್ಟು ಬಟನ್ ಒತ್ತಿದೆ. ಸದ್ದೇ ಇಲ್ಲ! ಬೋರ್ಡೇ ಹೋಗಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು. ಕರಿ ಚುಕ್ಕೆ ತಾಮ್ರವಲ್ಲ, ಇಂಗಾಲ. ಅದರ ರೆಸಿಸ್ಟೆನ್ಸ್ ಜಾಸ್ತಿ, ಬೀಪ್ ಆಗುವುದಿಲ್ಲ. ಓಮ್‌ಗೆ ತಿರುಗಿಸಿ ಒತ್ತಿದಾಗ 150ರ ಆಸುಪಾಸು ತೋರಿಸಿತು.

ಒಂದು ಮಾತು. ದುಬಾರಿ ಕಂಟ್ರೋಲರ್‌ಗಳ ಆರ್-2 ಎಷ್ಟು ಆಳಕ್ಕೆ ಒತ್ತಿದಿರಿ ಅನ್ನೋದನ್ನೂ ಅಳೆಯುತ್ತದೆ. ಅಲ್ಲಿ ಈ ಎರಡು ತಂತಿಯ ಉಪಾಯ ನಡೆಯುವುದಿಲ್ಲ.

ತಂತಿಗೆ ನನಗೇನು ಬರ? ಫ್ಯಾನ್ ವೈಂಡಿಂಗಿನ 36 ಗೇಜ್ ತಂತಿ ತೆಗೆದುಕೊಂಡೆ, ದಪ್ಪ 0.2 ಮಿಲಿಮೀಟರಿಗೂ ಕಡಿಮೆ. ತಂತಿಯ ಮೇಲೆ ಎನಾಮಲ್ ಲೇಪನ ಇರುತ್ತದೆ, ತುದಿಯಲ್ಲಿ ಅದನ್ನು ಬ್ಲೇಡಿನಿಂದ ಕೆರೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ರಬ್ಬರ್ ತಾಗುವ ಕರಿ ಜಾಗಕ್ಕೂ ಹಿಡಿಯುವುದಿಲ್ಲ. ಅದಕ್ಕೇ ಆ ಮೂರು ವೈರ್ ಚಿಕ್ಕ ಬೋರ್ಡಿಗೆ ಬಂದು ಕೂಡುವ ಜಾಗದಲ್ಲಿ ಬೆಸೆಯಲು ಕುಳಿತೆ.

ಇಲ್ಲೇ ಎಡವಿದ್ದು. ಅಂಗಡಿಯಲ್ಲಿದ್ದದ್ದು 60 ವ್ಯಾಟಿನ ಬೆಸುಗೆ ಐರನ್. 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸದ ಬೆಸುಗೆ ತಂತಿ) ಸುಮಾರು 190 ಡಿಗ್ರಿಗೇ ಕರಗುತ್ತದೆ, ನನ್ನ ಐರನ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯ್ದಿತ್ತು. ಕಾಮನ್ ಜಾಗದ ತಾಮ್ರ ಹಪ್ಪಳದಂತೆ ಎದ್ದು ಬಂತು. ಅಳಿಯ ಬಾಯಿ ಮೇಲೆ ಕೈ ಇಟ್ಟುಕೊಂಡ. ಎಲ್‌ಬಿಎಸ್ ಮಾರ್ಕೆಟ್ ಕಡೆ ಹೋಗಿ 25 ವ್ಯಾಟಿನದೊಂದು ತಂದೆ. ಕಿತ್ತ ಜಾಗದಿಂದ ಮುಂದಕ್ಕೆ ಹೋಗುವ ಗೆರೆಯ ಹಸಿರು ಬಣ್ಣ ಕೆರೆದು, ಒಳಗಿನ ತಾಮ್ರಕ್ಕೆ ಹಳೆ ವೈರ್, ಹೊಸ ತಂತಿ ಎರಡನ್ನೂ ಬೆಸೆದೆ.

ನಿಜವಾದ ತಲೆನೋವು ಬಟನ್ ಎಲ್ಲಿಡಬೇಕು ಅನ್ನೋದು. ಹಿಂಭಾಗದಲ್ಲಿ, ಮಧ್ಯದ ಬೆರಳಿಗೆ ಅಂತ ಮೊದಲೇ ಮಾತಾಗಿತ್ತು. ಆದರೆ ಸರಿಯಾಗಿ ಎಲ್ಲಿ? ನನ್ನ ಕೈ ಹಿಡಿದು ಗುರುತು ಹಾಕಿದರೆ ಅವನ ಕೈಗೆ ಕೂಡುವುದಿಲ್ಲ. ಅಕ್ಕನ ಮನೆಯಿಂದ ಚಪಾತಿ ಹಿಟ್ಟು ತರಿಸಿದೆ. ಕಂಟ್ರೋಲರಿಗೆ ಪ್ಲಾಸ್ಟಿಕ್ ಹೊದಿಸಿ, ಬೆನ್ನಿಗೆ ಹಿಟ್ಟು ಮೆತ್ತಿ, ಹತ್ತು ನಿಮಿಷ ಆಡು ಅಂದೆ. ಬೆರಳಿನ ಗುಳಿ ಚೆನ್ನಾಗಿ ಮೂಡಿತು.

ಆದರೂ ತೂತು ಹೊಡೆಯಲಿಲ್ಲ. ಗುಳಿ ಇದ್ದ ಜಾಗಕ್ಕೆ ಸ್ವಿಚ್ಚನ್ನು ಹೊರಗಿನಿಂದಲೇ ಡಬಲ್ ಟೇಪ್ ಹಚ್ಚಿ ಕೂಡಿಸಿ, ಎರಡು ದಿನ ಆಡಿಸಿದೆ. ಮಾಡಿದ್ದು ಒಳ್ಳೆಯದೇ ಆಯಿತು. ಗೋಲ್ ಹತ್ತಿರ ಬಂದಾಗ ಹುಡುಗ ಕಂಟ್ರೋಲರನ್ನು ಬಿಗಿಯಾಗಿ ಹಿಡಿಯುತ್ತಾನೆ. ಆಗ ಬೆರಳು ತಾನಾಗಿ ಬಟನ್ ಒತ್ತುತ್ತದೆ, ನಿಲ್ಲಬೇಕಾದವ ಓಡುತ್ತಾನೆ. ಬೆರಳು ಸುಮ್ನೆ ಕೂರುವ ಜಾಗ ಬೇರೆ, ಬೇಕೆಂದು ಒತ್ತುವ ಜಾಗ ಬೇರೆ. ಒಂದು ಸೆಂಟಿಮೀಟರ್ ಒಳಕ್ಕೆ ಸರಿಸಿದ ಮೇಲೆ ಸರಿಹೋಯಿತು.

ಮೊದಲು ಹಾಕಿದ್ದು 6 ಮಿಲಿಮೀಟರಿನ ನಾಲ್ಕು ಕಾಲಿನ ಟ್ಯಾಕ್ಟ್ ಸ್ವಿಚ್, ಅಂದರೆ ಒತ್ತಿದರೆ ಟಿಕ್ ಅನ್ನುವ ಚಿಕ್ಕ ಬಟನ್. ಅದರ ಕಾಲುಗಳು ಎರಡೆರಡು ಒಳಗೇ ಕೂಡಿರುತ್ತವೆ. ಮೂಲೆಯಿಂದ ಎದುರು ಮೂಲೆಗೆ ತಂತಿ ಹಚ್ಚಿದರೆ ತಪ್ಪಾಗುವುದಿಲ್ಲ. ಆದರೆ ಅದು ಬಿಗಿ. ಹೊತ್ತುಗಟ್ಟಲೆ ಒತ್ತಿ ಹಿಡಿಯುವಾಗ ಬೆರಳು ನೋಯುತ್ತದೆ ಅಂದ. ಮೂಲೆಗೆ ಬಿದ್ದಿದ್ದ ಹಳೆ ಮೌಸ್ ಬಿಚ್ಚಿ ಅದರ ಸ್ವಿಚ್ ತೆಗೆದೆ. ಎಡಗಡೆಯದು ಸವೆದಿರುತ್ತದೆ, ಬಲಗಡೆಯದು ತೆಗೆಯಬೇಕು. ಮೂರು ಕಾಲುಗಳಲ್ಲಿ ಒತ್ತಿದಾಗ ಮಾತ್ರ ಬೀಪ್ ಅನ್ನುವ ಎರಡನ್ನು ಹುಡುಕಿ ಬೆಸೆದೆ.

ತೂತನ್ನು 3 ಮಿಲಿಮೀಟರ್ ಡ್ರಿಲ್ಲಿನಿಂದ ಹೊಡೆದು ಅರದಿಂದ ಅಗಲ ಮಾಡಿದೆ. ಕಾಯಿಸಿದ ಮೊಳೆ ಬೇಡ, ಅಂಚು ಕರಗಿ ಅಸಹ್ಯವಾಗುತ್ತದೆ. ಸ್ವಿಚ್ ಅಲುಗಾಡದಂತೆ ಒಳಗಿನಿಂದ ಎಂ-ಸೀಲ್ ಮೆತ್ತಿದೆ.

ಮುಚ್ಚಿ, ಕಂಪ್ಯೂಟರಿನಲ್ಲಿ 'ಜಾಯ್ ಡಾಟ್ ಸಿಪಿಎಲ್' ತೆರೆದು ನೋಡಿದೆ, ಅದು ವಿಂಡೋಸ್‌ನಲ್ಲಿ ಕಂಟ್ರೋಲರಿನ ಬಟನ್ ಪರೀಕ್ಷಿಸುವ ಕಿಟಕಿ. ಹೊಸ ಬಟನ್ ಒತ್ತಿದರೆ ಆರ್-1ರ ದೀಪವೇ ಹತ್ತಿತು. ಅಳಿಯ ಖುಷಿಯಿಂದ ಆಡಲು ಕುಳಿತ. ಹೊಡೆದ ಚೆಂಡು ಕಂಬಕ್ಕೆ ಬಡಿಯಿತು, ಕಂಟ್ರೋಲರ್ ಗಡಗಡ ನಡುಗಿತು, ಬಟನ್ ಸತ್ತಿತು. ಬಿಚ್ಚಿದರೆ ಹಿಡಿಕೆಯೊಳಗಿನ ನಡುಗುವ ಮೋಟರಿನ ತೂಕದ ತುಂಡಿಗೆ ನನ್ನ ತಂತಿ ಸುತ್ತಿಕೊಂಡು ಹರಿದಿತ್ತು. ಹತ್ತು ಎಚ್‌ಪಿ ಮೋಟರ್ ಕಟ್ಟುವವನು ಹೆಬ್ಬೆರಳಿನಷ್ಟು ಮೋಟರಿಗೆ ಸೋತೆ.

ಈ ಸಲ ತಂತಿಗೆ ಸ್ಲೀವ್ ಹಾಕಿ, ಗೋಡೆಗುಂಟ ಒಯ್ದು, ಮೂರು ಕಡೆ ಹಾಟ್ ಗ್ಲೂ ಹಚ್ಚಿದೆ. ಈಗ ಮೂರು ತಿಂಗಳಾಯಿತು, ಚೆನ್ನಾಗಿ ನಡೆದಿದೆ. ಅವನ ಗೆಳೆಯನೊಬ್ಬ ಒಮ್ಮೆ ಒತ್ತಿದರೆ ಹತ್ತು ಸಲ ಒತ್ತಿದಂತಾಗುವ ಬಟನ್ ಬೇಕೆಂದು ಬಂದಿದ್ದ. ಅದು ಮೋಸ, ಮಾಡಲ್ಲ ಅಂತ ಕಳಿಸಿದೆ.