ಹಳೇ ಹ್ಯಾಂಡ್‌ಹೆಲ್ಡ್ ಗಾಲ್ಫ್ ಗೇಮ್ ತಗೊಳ್ಳೋ ಮುಂಚೆ ಅದರ ರಿವ್ಯೂ ಓದೋದು ಹೇಗೆ

ಗೇಮ್‌ಬಾಯ್ ಅಡ್ವಾನ್ಸ್, ಪಿಎಸ್‌ಪಿ, 3ಡಿಎಸ್ ಥರ ಕೈಲಿ ಹಿಡಿದು ಆಡೋ ಗೇಮ್ ಮಷೀನುಗಳನ್ನೆಲ್ಲ ಈಗ ಸೆಕೆಂಡ್ ಹ್ಯಾಂಡಲ್ಲಿ ಹುಡುಕಿ ತಗೊಳ್ಳೋರು ಜಾಸ್ತಿ ಆಗಿದಾರೆ, ಅವರಲ್ಲಿ ಸುಮಾರು ಜನ ನನ್ನ ಹತ್ರ ಕೇಳೋದು ಒಂದೇ ಪ್ರಶ್ನೆ, ಗಾಲ್ಫ್ ಅಂದ್ರೆ ಏನಂತಾನೇ ಗೊತ್ತಿಲ್ಲ, ಆದ್ರೂ ಆ ಕಾರ್ಟೂನ್ ಥರದ ಗಾಲ್ಫ್ ಗೇಮ್ ತಗೋಬಹುದಾ ಅಂತ. ಖಂಡಿತ ತಗೋಬಹುದು. ಆದ್ರೆ ಯಾವುದು ಅನ್ನೋದನ್ನ ಸ್ಕೋರ್ ನೋಡಿ ತೀರ್ಮಾನ ಮಾಡ್ಬೇಡಿ, ವಿಮರ್ಶಕರು ಯಾವುದಕ್ಕೆ ಬೇಜಾರು ಮಾಡ್ಕೊಂಡಿದಾರೆ ಅಂತ ನೋಡಿ. ಹದಿನೈದು ವರ್ಷದಿಂದ ಈ ಗೇಮ್‌ಗಳನ್ನೂ ಅವುಗಳ ರಿವ್ಯೂಗಳನ್ನೂ ಒಟ್ಟೊಟ್ಟಿಗೆ ಇಟ್ಕೊಂಡು ಓದಿದೀನಿ, ಕೆಲಸಕ್ಕೆ ಬಂದಿದ್ದು ಇದೇ ದಾರಿ.

ಮೊದಲನೇದು ಈ ಬೇಜಾರು. ಉದಾಹರಣೆಗೆ ಮಾರಿಯೋ ಗಾಲ್ಫ್ ಅಡ್ವಾನ್ಸ್ ಟೂರ್ ತಗೊಳ್ಳೋಣ. 2004ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್‌ಗೆ ಬಂದಿದ್ದು, ಮಾಡಿದ್ದು ಜಪಾನಿನ ಕ್ಯಾಮೆಲಾಟ್ ಕಂಪನಿ. ಇದರ ರಿವ್ಯೂಗಳಲ್ಲಿ ಹೊಗಳಿಕೆ ಹೆಚ್ಚು ಕಮ್ಮಿ ಒಂದೇ ಥರ ಇದೆ, ಸಣ್ಣ ಮಷೀನಲ್ಲಿ ಇಷ್ಟು ದೊಡ್ಡ ಆಟ ಹೇಗೆ ಹಿಡಿಸಿದ್ರು, ಕಥೆ ಇದೆ, ಲೆವೆಲ್ ಇದೆ, ಒಂದು ಗಾಲ್ಫ್ ಕ್ಲಬ್ಬಿನ ಮೈದಾನದಿಂದ ಇನ್ನೊಂದಕ್ಕೆ ಊರು ಸುತ್ತೋ ಖುಷಿ ಇದೆ ಅಂತ. ಬೇಜಾರು ಕೂಡ ಒಂದೇ ಥರದ್ದು: ಹೆಸರು ಮಾರಿಯೋ ಗಾಲ್ಫ್, ಆದ್ರೆ ಮಾರಿಯೋ ಕಡೆಯವರು ತೀರಾ ಕಮ್ಮಿ. ನೀವು ಆಡೋದು ನೀಲ್ ಅನ್ನೋ ಹುಡುಗ ಅಥವಾ ಎಲಾ ಅನ್ನೋ ಹುಡುಗಿಯಾಗಿ, ಕಥೇಲಿ ಮಾರಿಯೋ ನಿಮ್ಮ ಎದುರಿಗೆ ಬಂದು ನಿಲ್ಲೋದೇ ಕೊನೇಲಿ. ಈ ಒಂದು ಸಾಲನ್ನ ನಾನು ಮೊದಲು ಲೆಕ್ಕಕ್ಕೇ ತಗೊಂಡಿರಲಿಲ್ಲ. ಅಕ್ಕನ ಮಗ ರಜೆಗೆ ಬಂದಾಗ ಬಾಕ್ಸ್ ಮೇಲಿನ ಚಿತ್ರ ನೋಡಿ ಆಸೆಯಿಂದ ಕೂತ, ಹತ್ತು ನಿಮಿಷ ಆಡಿದ, ಆಮೇಲೆ "ಮಾಮ, ಮಾರಿಯೋ ಎಲ್ಲಿ?" ಅಂದ. ಆ ಮಗುವಿಗೆ ಬೇಕಿದ್ದಿದ್ದು ಮಾರಿಯೋ, ನನಗೆ ಬೇಕಿದ್ದಿದ್ದು ಕಥೆ. ಅದೇ ಗೇಮ್, ಅದೇ ದೂರು, ಒಬ್ಬರಿಗೆ ಅದು ದೊಡ್ಡದು ಇನ್ನೊಬ್ಬರಿಗೆ ಏನೂ ಅಲ್ಲ. ಸ್ಕೋರ್ ಇದನ್ನ ನಿಮಗೆ ಯಾವತ್ತೂ ಹೇಳಲ್ಲ.

ಹಾಗಾದ್ರೆ ಸ್ಕೋರ್ ನೋಡ್ಲೇಬಾರದಾ? ನೋಡಿ, ಆದ್ರೆ ಅದು ಏನು ಅಂತ ತಿಳ್ಕೊಂಡು ನೋಡಿ. ಬೇರೆ ಬೇರೆ ಪತ್ರಿಕೆಗಳ ಅಂಕ ಸೇರಿಸಿ ನೂರಕ್ಕೆ ಒಂದು ಸ್ಕೋರ್ ಕೊಡೋ ಮೆಟಾಕ್ರಿಟಿಕ್ ಸೈಟಲ್ಲಿ ಗೇಮ್‌ಗಳಿಗೆ 75ರಿಂದ ಮೇಲೆ ಇದ್ರೆ ಹಸಿರು, 50ರಿಂದ 74 ಹಳದಿ, ಅದಕ್ಕಿಂತ ಕೆಳಗೆ ಕೆಂಪು. ಎಲ್ಲ ಪತ್ರಿಕೆಗೂ ಒಂದೇ ತೂಕ ಇಲ್ಲ, ಕೆಲವಕ್ಕೆ ಜಾಸ್ತಿ ಕೆಲವಕ್ಕೆ ಕಮ್ಮಿ. ಜಪಾನಿನ ಗೇಮ್ ಪತ್ರಿಕೆ ಫಾಮಿತ್ಸು ಲೆಕ್ಕವೇ ಬೇರೆ, ನಾಲ್ಕು ಜನ ಹತ್ತತ್ತಕ್ಕೆ ಅಂಕ ಕೊಡ್ತಾರೆ, ಒಟ್ಟು 40ಕ್ಕೆ. ಅಲ್ಲಿ ನಾಲ್ಕು ಜನರಲ್ಲಿ ಒಬ್ಬರು ಮಾತ್ರ ಕಮ್ಮಿ ಕೊಟ್ಟಿದ್ರೆ ಆ ಒಬ್ಬರು ಯಾಕೆ ಕೊಟ್ರು ಅಂತ ಮೊದಲು ನೋಡಿ, ಒಟ್ಟು ಮೊತ್ತ ಆಮೇಲೆ.

ಎರಡನೇದು, ರಿವ್ಯೂ ಬರೆದವರು ಸ್ವಿಂಗ್, ಅಂದ್ರೆ ಚೆಂಡಿಗೆ ಬೀಸಿ ಹೊಡೆಯೋದರ ಬಗ್ಗೆ ಎಷ್ಟು ಬರೆದಿದಾರೆ ಅಂತ ಹುಡುಕಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ಗಾಲ್ಫ್ ಗೇಮಲ್ಲಿ ನೀವು ಮಾಡೋದೇ ಅದೊಂದು, ಸಾವಿರ ಸಲ. ಸ್ಕ್ರೀನ್ ಕೆಳಗಡೆ ಒಂದು ಅಡ್ಡ ಬಾರ್ ಇರತ್ತೆ. ಬಟನ್ ಒಂದು ಸಲ ಒತ್ತಿದ್ರೆ ಗೆರೆ ಬಲದಿಂದ ಎಡಕ್ಕೆ ಓಡಕ್ಕೆ ಶುರು, ಎಷ್ಟು ಜೋರಾಗಿ ಹೊಡೀಬೇಕೋ ಅಲ್ಲಿ ಎರಡನೇ ಸಲ ಒತ್ತಬೇಕು, ಗೆರೆ ವಾಪಸ್ ಬರುವಾಗ ಬಲಗಡೆ ಸಣ್ಣ ಜಾಗಕ್ಕೆ ಸರಿಯಾಗಿ ಮೂರನೇ ಸಲ. ಒಂದು ಕೂದಲೆಳೆ ತಪ್ಪಿದ್ರೆ ಚೆಂಡು ಮರದ ಕಡೆಗೆ. ಬ್ಯಾಟ್ಸ್‌ಮನ್‌ಗೆ ಟೈಮಿಂಗ್ ಸಿಕ್ಕಿದಾಗ ಬ್ಯಾಟಲ್ಲಿ ಏನೂ ತಾಗಿದ ಹಾಗೇ ಅನ್ಸಲ್ವಲ್ಲ, ಇಲ್ಲೂ ಆ ಮೂರನೇ ಒತ್ತು ಸರಿಯಾಗಿ ಬಿದ್ದಾಗ ಹಾಗೇ ಇರತ್ತೆ, ಬೆರಳಿಗೇ ಗೊತ್ತಾಗತ್ತೆ. ಅಡ್ವಾನ್ಸ್ ಟೂರಲ್ಲಿ ಆಟೋ ಇಟ್ಕೊಂಡ್ರೆ ಮೂರನೇದನ್ನ ಗೇಮೇ ನೋಡ್ಕೊಳತ್ತೆ, ಮ್ಯಾನುಯಲ್ ಇಟ್ಕೊಂಡ್ರೆ ಆ ಮೂರನೇ ಒತ್ತಿಗೆ ಎ ಒತ್ತೋದಾ ಬಿ ಒತ್ತೋದಾ ಅನ್ನೋದರ ಮೇಲೆ ಚೆಂಡಿಗೆ ಮುಂದಕ್ಕೆ ಉರುಳಿಸೋ ಟಾಪ್‌ಸ್ಪಿನ್ನೋ ಹಿಂದಕ್ಕೆ ಎಳೆಯೋ ಬ್ಯಾಕ್‌ಸ್ಪಿನ್ನೋ ಬೀಳತ್ತೆ. ಇದರ ಬಗ್ಗೆ ಎರಡು ಸಾಲೂ ಬರೀದೆ ಬರೀ ಗ್ರಾಫಿಕ್ಸ್ ಮುದ್ದಾಗಿದೆ, ಮ್ಯೂಸಿಕ್ ಚೆನ್ನಾಗಿದೆ ಅಂತ ಮುಗಿಸಿರೋ ರಿವ್ಯೂನ ಪಕ್ಕಕ್ಕೆ ಇಡಿ, ಅವರು ನಾಲ್ಕು ಹೋಲ್ ಮಾತ್ರ, ಅಂದ್ರೆ ನಾಲ್ಕು ಗುಂಡಿಗೆ ಚೆಂಡು ಹಾಕೋವಷ್ಟು ಮಾತ್ರ ಆಡಿ ಬರೆದಿರೋ ಸಾಧ್ಯತೆ ಇದೆ.

ಮುದ್ದು ಅಂದ ಮೇಲೆ ಒಂದು ಮಾತು. ಈ ಗೇಮ್‌ಗಳ ರಿವ್ಯೂಗಳಲ್ಲಿ ಪದೇ ಪದೇ ಕಾಣೋ ಒಂದು ಧಾಟಿ ಇದೆ, ದೊಡ್ಡ ತಲೆ ಸಣ್ಣ ಮೈ ಇರೋ ಪಾತ್ರಗಳನ್ನ ನೋಡಿ ಮಕ್ಕಳಾಟ ಅನ್ಕೊಂಡ್ವಿ, ಆಡಿದ ಮೇಲೆ ಗಾಳಿ, ಇಳಿಜಾರು, ಹುಲ್ಲಿನ ಉದ್ದ ಎಲ್ಲ ಲೆಕ್ಕ ಹಾಕ್ಬೇಕು ಅಂತ ಗೊತ್ತಾಯ್ತು ಅನ್ನೋದು. ಪಿಎಸ್‌ಪಿಯ ಹಾಟ್ ಶಾಟ್ಸ್ ಗಾಲ್ಫ್ ಓಪನ್ ಟೀಗೂ ಇದೇ ಮಾತು ಬಂತು. ಅದು ಜಪಾನಲ್ಲಿ 2004ರ ಡಿಸೆಂಬರ್‌ಗೆ, ಅಮೆರಿಕದಲ್ಲಿ 2005ಕ್ಕೆ ಬಂದಿದ್ದು, ಯುರೋಪಲ್ಲಿ ಇದೇ ಗೇಮ್ ಎವ್ರಿಬಡೀಸ್ ಗಾಲ್ಫ್, ಜಪಾನಲ್ಲಿ ಮಿನ್ನಾ ನೋ ಗೋಲ್ಫ್ ಪೋರ್ಟಬಲ್, ಹಾಗಾಗಿ ರಿವ್ಯೂ ಹುಡುಕುವಾಗ ಮೂರೂ ಹೆಸರಲ್ಲಿ ಹುಡುಕಿ ಇಲ್ಲಾಂದ್ರೆ ಅರ್ಧ ತಪ್ಪಿಹೋಗತ್ತೆ. ಅದನ್ನ ಹೊಗಳಿದ್ದು ಬಸ್ಸಿಗೆ ಕಾಯುವಾಗ ಎರಡು ಹೋಲ್ ಆಡಿ ಎತ್ತಿಡಬಹುದು ಅನ್ನೋದಕ್ಕೆ, ದೂರಿದ್ದು ಅಕ್ಕಪಕ್ಕ ಕೂತು ವೈರ್‌ಲೆಸ್ಸಲ್ಲಿ ಆಡಬಹುದೇ ಹೊರತು ಇಂಟರ್ನೆಟ್ಟಲ್ಲಿ ಆಡಕ್ಕೆ ಆಗಲ್ಲ ಅನ್ನೋದಕ್ಕೆ. ಎರಡನೇ ಓಪನ್ ಟೀಯಲ್ಲಿ ಆ ಕೊರತೆ ತುಂಬಿದ್ರು.

ಈಗ ಮೂರನೇದು, ಇದನ್ನ ಯಾರೂ ಹೇಳಿಕೊಡಲ್ಲ, ನಿಧಾನಕ್ಕೆ ಓದಿ. ರಿವ್ಯೂ ಬಂದ ದಿನಕ್ಕೂ ಇವತ್ತಿಗೂ ನಡುವೆ ಏನು ಸತ್ತಿದೆ ಏನು ಹುಟ್ಟಿದೆ ಅಂತ ಪಟ್ಟಿ ಮಾಡ್ಕೊಳ್ಳಿ. 2014ರಲ್ಲಿ 3ಡಿಎಸ್‌ಗೆ ಬಂದ ಮಾರಿಯೋ ಗಾಲ್ಫ್ ವರ್ಲ್ಡ್ ಟೂರ್ ರಿವ್ಯೂಗಳಲ್ಲಿ ಆನ್‌ಲೈನ್ ಟೂರ್ನಮೆಂಟನ್ನ ಬಾಯ್ತುಂಬ ಹೊಗಳಿದಾರೆ, ಆದ್ರೆ 2024ರ ಏಪ್ರಿಲಲ್ಲಿ 3ಡಿಎಸ್ ಆನ್‌ಲೈನ್ ಸರ್ವೀಸೇ ನಿಂತೋಯ್ತು. ಅಂದ್ರೆ ಆ ಹೊಗಳಿಕೆಗೆ ಸಿಕ್ಕ ಅಂಕ ಇವತ್ತು ನಿಮ್ಮ ಕೈಗೆ ಬರೋ ಗೇಮಿಗೆ ಸೇರಲ್ಲ, ಅದನ್ನ ಕಳೆದು ನೋಡ್ಬೇಕು. ಉಳಿಯೋದರಲ್ಲಿ ಒಂದು ಕಾಸಲ್ ಕ್ಲಬ್ ಅನ್ನೋ ಭಾಗ, ಅದರಲ್ಲಿ ನಿಮ್ಮ ಮೀ ಪಾತ್ರಕ್ಕೆ, ಅಂದ್ರೆ ನೀವೇ ಮಾಡ್ಕೊಳ್ಳೋ ಕಾರ್ಟೂನ್ ಬೊಂಬೆಗೆ, ಬಟ್ಟೆ, ಹೊಡೆಯೋ ಕೋಲು, ಚೆಂಡು ತಗೊಂಡು ಶಕ್ತಿ ಹೆಚ್ಚಿಸ್ಕೊಬೇಕು. ಅಡ್ವಾನ್ಸ್ ಟೂರಿನ ಕಥೆ, ಲೆವೆಲ್ ನೆನಪಿಟ್ಕೊಂಡಿದ್ದ ವಿಮರ್ಶಕರು ಬೇಜಾರಾಗಿದ್ದು ಇಲ್ಲೇ. ಅಡ್ವಾನ್ಸ್ ಟೂರ್ ಪಾತ್ರವನ್ನ ಟಿವಿಗೆ ಹಾಕಿ ಆಡೋ ಗೇಮ್‌ಕ್ಯೂಬ್ ಮಷೀನಿನ ಮಾರಿಯೋ ಗಾಲ್ಫ್ ಟೋಡ್‌ಸ್ಟೂಲ್ ಟೂರಿಗೆ ಕೇಬಲ್ ಹಾಕಿ ಸಾಗಿಸಬಹುದಿತ್ತು ಅನ್ನೋ ಹೊಗಳಿಕೆಯೂ ಹಾಗೇ, ಆ ಎರಡೂ ಮಷೀನು ಆ ಕೇಬಲ್ಲು ಮನೇಲಿ ಇದ್ರೆ ಮಾತ್ರ ಲೆಕ್ಕ.

ಉಲ್ಟಾ ಕೂಡ ಆಗತ್ತೆ. 2021ರ ಜೂನಲ್ಲಿ ನಿಂಟೆಂಡೊ ಸ್ವಿಚ್‌ಗೆ ಮಾರಿಯೋ ಗಾಲ್ಫ್ ಸೂಪರ್ ರಶ್ ಬಂದಾಗ ಆರೇ ಕೋರ್ಸ್, ಅಂದ್ರೆ ಗಾಲ್ಫ್ ಮೈದಾನ ಇದ್ವು, ಮೊದಲ ವಾರದ ರಿವ್ಯೂಗಳಲ್ಲಿ ಸರಕು ಕಮ್ಮಿ ಅನ್ನೋ ದೂರು ಬಂತು, ಅದೇ ವರ್ಷ ಮುಗಿಯೋದ್ರೊಳಗೆ ಹೊಸ ಕೋರ್ಸುಗಳು ಫ್ರೀಯಾಗಿ ಸೇರಿದ್ವು. ಸ್ಕೋರ್ ಮಾತ್ರ ಮೊದಲ ವಾರದ್ದೇ ಉಳ್ಕೊಂಡಿದೆ, ಯಾಕಂದ್ರೆ ಪತ್ರಿಕೆಗಳು ವಾಪಸ್ ಹೋಗಿ ಮತ್ತೆ ರಿವ್ಯೂ ಬರೆಯೋದು ಅಪರೂಪ. ಇದು ನನಗೆ ನಿಜವಾಗ್ಲೂ ನೋವಿನ ವಿಷಯ, ಮಾಡಿದ ಕೆಲಸಕ್ಕೆ ಲೆಕ್ಕ ಸಿಗಲಿಲ್ಲ.

ನಾಲ್ಕನೇದು, ಮಾಡಿದೋರು ಯಾರು ಅಂತ ನೋಡಿ, ರಿವ್ಯೂ ಅರ್ಧ ಅಲ್ಲೇ ಅರ್ಥ ಆಗತ್ತೆ. ಕ್ಯಾಮೆಲಾಟ್ ಅಂದ್ರೆ ತಾಕಾಹಾಶಿ ಅಣ್ತಮ್ಮಂದಿರ ಕಂಪನಿ, ಶೈನಿಂಗ್ ಸೀರೀಸ್ ಥರದ ಆರ್‌ಪಿಜಿ, ಅಂದ್ರೆ ಕಥೆಯೊಳಗೆ ಪಾತ್ರ ಬೆಳೆಸ್ಕೊಂಡು ಹೋಗೋ ಆಟ ಮಾಡಿದೋರು, 2001ರಲ್ಲಿ ಗೋಲ್ಡನ್ ಸನ್ ಮಾಡಿದೋರು. 1997ರ ಮೊದಲನೇ ಮಿನ್ನಾ ನೋ ಗೋಲ್ಫ್ ಕೂಡ ಇವರದ್ದೇ, ಆಮೇಲೆ ಆ ಸೀರೀಸ್ ಕ್ಲಾಪ್ ಹ್ಯಾಂಜ್ ಅನ್ನೋ ಇನ್ನೊಂದು ಕಂಪನಿ ಕೈಗೆ ಹೋಯ್ತು, ಇವರು ಮಾರಿಯೋ ಕಡೆ ಬಂದ್ರು. ಅಂದ್ರೆ ಎರಡು ದೊಡ್ಡ ಗಾಲ್ಫ್ ಸೀರೀಸಿಗೂ ಬೇರು ಒಂದೇ. 1999ರ ಗೇಮ್‌ಬಾಯ್ ಕಲರ್ ಮಾರಿಯೋ ಗಾಲ್ಫಲ್ಲೇ ಊರೊಳಗೆ ಓಡಾಡಿ, ಜನರ ಹತ್ರ ಮಾತಾಡಿ, ಲೆವೆಲ್ ಏರಿಸೋ ಆಟ ಇತ್ತು. ಇವರ ಹ್ಯಾಂಡ್‌ಹೆಲ್ಡ್ ಗಾಲ್ಫ್‌ಗೆ ಬಂದ ಹೊಗಳಿಕೆ ಬಹುಪಾಲು ಆ ಆರ್‌ಪಿಜಿ ಗುಣಕ್ಕೆ, ಅದು ಕಮ್ಮಿ ಆದಾಗಲೆಲ್ಲ ದೂರು. ಈ ಒಂದು ಎಳೆ ಹಿಡ್ಕೊಂಡು 1999, 2004, 2014ರ ರಿವ್ಯೂಗಳನ್ನ ಸಾಲಾಗಿ ಓದಿ, ಬೇರೆ ಬೇರೆ ಜನ ಬರೆದಿದ್ರೂ ಒಂದೇ ಮಾತುಕತೆ ಮುಂದುವರೀತಾ ಇದೆ ಅನ್ಸತ್ತೆ.

ಶಬ್ದಗಳ ವಿಷಯ ಸ್ವಲ್ಪ ಹೇಳ್ತೀನಿ. ಚಾರ್ಮಿಂಗ್ ಅಂತ ಬರೆದಿದ್ರೆ ಚೆನ್ನಾಗಿ ಕಾಣತ್ತೆ ಅಂತಷ್ಟೇ ಇಟ್ಕೊಳ್ಳಿ. ಗ್ರೈಂಡ್ ಅಂತ ಬಂದ್ರೆ ಆಡಿದ್ದನ್ನೇ ಆಡಬೇಕು ಅಂತ, ದಿನಾ ಹದಿನೈದು ನಿಮಿಷ ಆಡೋರಿಗೆ ಅದು ಅಂಥಾ ತೊಂದರೆ ಅಲ್ಲ, ಒಂದೇ ವಾರದಲ್ಲಿ ಮುಗಿಸಿ ಬರೆದ ವಿಮರ್ಶಕರಿಗೆ ಅದು ಭಾರ ಆಗಿರತ್ತೆ.

ಇಷ್ಟಾದ ಮೇಲೆ ಒಂದು ಹಾಳೆ ತಗೊಳ್ಳಿ. ಮೂರು ರಿವ್ಯೂ ಸಾಕು, ಒಂದು ಜಾಸ್ತಿ ಅಂಕದ್ದು, ಒಂದು ನಡುವಿನದ್ದು, ಒಂದು ಎಲ್ಲಕ್ಕಿಂತ ಕಮ್ಮಿದು. ಮೂರರಲ್ಲೂ ಬಂದಿರೋ ದೂರು ನಿಜವಾದ ದೂರು, ಒಂದರಲ್ಲಿ ಮಾತ್ರ ಇದ್ರೆ ಅದು ಆ ಮನುಷ್ಯನ ರುಚಿ. ಆಮೇಲೆ ಒಂದೊಂದು ದೂರಿನ ಮುಂದೆ ನನಗೆ ಪರವಾಗಿಲ್ಲ, ನನಗೆ ಆಗಲ್ಲ ಅಂತ ಬರೀರಿ. ಆಗಲ್ಲ ಅನ್ನೋದು ಎರಡು ಬಂದ್ರೆ ಆ ಗೇಮ್ ಬಿಡಿ, ಅಂಕ ಎಷ್ಟೇ ಇರಲಿ.

ಅಡ್ವಾನ್ಸ್ ಟೂರೇ ತಗೊಳ್ಳೋದು ಅಂತಾದ್ರೆ, ಶುರುವಲ್ಲಿ ನೀಲ್, ಎಲಾ ಇಬ್ಬರಲ್ಲಿ ಒಬ್ಬರನ್ನ ಆರಿಸ್ಕೊಳ್ಳಿ, ಇನ್ನೊಬ್ಬರು ಡಬಲ್ಸ್‌ಗೆ ನಿಮ್ಮ ಜೊತೆಗಾರ ಆಗ್ತಾರೆ. ಗೇಮಿನ ಮೊದಲ ಕ್ಲಬ್ ಆದ ಮರಿಯನ್ ಕ್ಲಬ್ಬಲ್ಲಿ ಮೊದಲ ರೌಂಡ್ ಆಟೋದಲ್ಲಿ ಆಡಿ, ಎರಡನೇ ರೌಂಡ್ ಮ್ಯಾನುಯಲ್ ಹಾಕ್ಕೊಳ್ಳಿ, ಆಮೇಲೆ ಅದೇ ಮೂರು ರಿವ್ಯೂ ತೆಗೆದು ಸ್ವಿಂಗ್ ಬಗ್ಗೆ ಇರೋ ಸಾಲುಗಳನ್ನ ಇನ್ನೊಂದು ಸಲ ಓದಿ.