ಗುಜರಿ ಡಿವಿಡಿ ರೈಟರಿನಿಂದ ಅಡಿಕೆ ಹಾಳೆ ಸುಡುವ ಲೇಸರ್

ಶಿವಮೊಗ್ಗದ ಒಂದು ಗುಜರಿ ಅಂಗಡಿಯಲ್ಲಿ ಹಳೇ ಕಂಪ್ಯೂಟರ್ ಡಬ್ಬಗಳ ರಾಶಿ ಬಿದ್ದಿತ್ತು. ಅದರಿಂದ ಮೂರು ಡಿವಿಡಿ ರೈಟರ್ ಆರಿಸಿಕೊಂಡು ಸಾಗರದ ಬಸ್ ಹತ್ತಿದೆ. ಬೇಕಾಗಿದ್ದು ರೈಟರ್ರೇ. ಬರೀ ಡಿಸ್ಕ್ ಓದುವ ಡ್ರೈವಿನ ಲೇಸರ್ ತುಂಬಾ ಸಣ್ಣದು. ಡಿಸ್ಕ್ ಬರೆಯುವ ಡ್ರೈವಿನದ್ದು ಜೋರು, ನೂರು ಮಿಲಿವ್ಯಾಟ್ ದಾಟುತ್ತದೆ. ನನ್ನ ಆಸೆ ಇಷ್ಟೇ: ನಮ್ಮ ತೋಟದ ಅಡಿಕೆ ಹಾಳೆಯ ಮೇಲೆ ಒಂದು ಗೆರೆ ಸುಡಬೇಕು.

ಬಿಚ್ಚುವುದು ಕಷ್ಟವಲ್ಲ. ನಾಲ್ಕು ಸ್ಕ್ರೂ ತೆಗೆದರೆ ಮುಚ್ಚಳ ಬರುತ್ತದೆ, ಒಳಗೆ ಸಣ್ಣ ಗಾಡಿಯ ಹಾಗೆ ಓಡಾಡುವ ಭಾಗದಲ್ಲಿ ಲೇಸರ್ ಡಯೋಡ್ ಕೂತಿರುತ್ತದೆ. ನನಗೆ ಸಿಕ್ಕ ರೈಟರಿನಲ್ಲಿ ಎರಡಿದ್ದವು. ಒಂದು ಡಿವಿಡಿಯ ಕೆಂಪು, ಬೆಳಕಿನ ತರಂಗದ ಉದ್ದ ಸುಮಾರು 650 ನ್ಯಾನೋಮೀಟರ್. ಇನ್ನೊಂದು ಸಿಡಿಯದ್ದು, 780 ನ್ಯಾನೋಮೀಟರ್, ಕಣ್ಣಿಗೆ ಕಾಣುವುದೇ ಇಲ್ಲ. ಎರಡು ಪೆನ್ ಸೆಲ್ ಮತ್ತು 47 ಓಮ್ ರೆಸಿಸ್ಟರ್ ಸೇರಿಸಿ ನೋಡಿದೆ. ಕೆಂಪಾಗಿ ಮಂಕಾಗಿ ಬೆಳಗಿದ್ದು ನಮ್ಮದು. ಇನ್ನೊಂದನ್ನು ಎತ್ತಿಟ್ಟುಬಿಟ್ಟೆ. ಕಾಣದ ಬೆಳಕು ಕಣ್ಣಿಗೆ ಹೊಡೆದರೆ ಗೊತ್ತೇ ಆಗುವುದಿಲ್ಲ ಅಲ್ವಾ?

ಡಯೋಡಿಗೆ ಬ್ಯಾಟರಿ ನೇರ ಕೊಡಬಾರದು. ಬಿಸಿಯಾದಂತೆ ಅದು ಜಾಸ್ತಿ ಜಾಸ್ತಿ ಕರೆಂಟ್ ಎಳೆದು ಸತ್ತೇಹೋಗುತ್ತದೆ. ಅದಕ್ಕೆ ಎಲ್‌ಎಂ317 ಎಂಬ, ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಮೂರು ಕಾಲಿನ ಐಸಿ ಹಾಕಿದೆ. ಲೆಕ್ಕ ಸುಲಭ: 1.25 ಅನ್ನು ರೆಸಿಸ್ಟರಿನ ಓಮಿನಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಹೋಗುತ್ತದೆ ಅಂತ ಸಿಗುತ್ತದೆ. 10 ಓಮ್ ಹಾಕಿದರೆ 125 ಮಿಲಿಆಂಪಿಯರ್. ಅದರ ಪಕ್ಕಕ್ಕೆ 15 ಓಮ್ ಒಂದನ್ನು ಸಮಾಂತರವಾಗಿ ಸೇರಿಸಿದರೆ ಒಟ್ಟು 6 ಓಮ್, ಸುಮಾರು 208 ಮಿಲಿಆಂಪಿಯರ್. ಬ್ಯಾಟರಿಗೆ ಎರಡು ಲಿಥಿಯಂ ಸೆಲ್.

ನಿಜವಾದ ಡಯೋಡ್ ಹಚ್ಚುವ ಮೊದಲು ಅದರ ಜಾಗದಲ್ಲಿ ನಾಲ್ಕು ಮಾಮೂಲಿ ಡಯೋಡ್ ಮತ್ತು 1 ಓಮ್ ರೆಸಿಸ್ಟರನ್ನು ಸಾಲಾಗಿ ಬೆಸೆದು ಅಳೆದೆ. ಆ 1 ಓಮಿನ ಮೇಲೆ ಮೀಟರ್ ಎಷ್ಟು ಮಿಲಿವೋಲ್ಟ್ ತೋರಿಸುತ್ತದೋ ಅಷ್ಟೇ ಮಿಲಿಆಂಪಿಯರ್. 205 ಬಂತು. ಖುಷಿಯಲ್ಲಿ ಸ್ವಿಚ್ ಆರಿಸದೆ ಅದನ್ನು ಕಿತ್ತು ಲೇಸರ್ ಡಯೋಡ್ ಹಚ್ಚಿದೆ. ಫಳ್ ಅಂತ ಒಂದು ಹೊಳಪು, ಆಮೇಲೆ ಮಂಕು. ಸರ್ಕ್ಯೂಟಿನಲ್ಲಿ ಕೆಪಾಸಿಟರ್ ಅಂತ ವಿದ್ಯುತ್ ಕೂಡಿಟ್ಟುಕೊಳ್ಳುವ ಒಂದು ಬಿಡಿಭಾಗವೂ ಇತ್ತು. ಕಿತ್ತ ಕ್ಷಣದಲ್ಲಿ ಅದು ಬ್ಯಾಟರಿಯ ವೋಲ್ಟೇಜಿನ ಹತ್ತಿರದವರೆಗೂ ತುಂಬಿಕೊಂಡಿತ್ತು, ಅದೆಲ್ಲ ಒಂದೇ ಸಲ ಡಯೋಡಿಗೆ ನುಗ್ಗಿತು. ಸತ್ತ ಲೇಸರ್ ಪೂರ್ತಿ ಆರುವುದಿಲ್ಲ, ಸುಮ್ನೆ ಎಲ್‌ಇಡಿ ಥರ ಕೆಂಪಗೆ ಉರಿಯುತ್ತಿರುತ್ತದೆ. ಎಷ್ಟು ಫೋಕಸ್ ಮಾಡಿದರೂ ಕಾಗದ ಬೆಚ್ಚಗೂ ಆಗಲಿಲ್ಲ. ಒಂದು ಸಂಜೆ ಇಡೀ ಲೆನ್ಸ್ ತಿರುಗಿಸುತ್ತಾ ಕೂತಿದ್ದೆ, ಕಾರಣ ಹೊಳೆದದ್ದು ಮರುದಿನ ಬೆಳಿಗ್ಗೆ.

ಎರಡನೇ ಡಯೋಡಿಗೆ ಮೊದಲು ಸ್ವಿಚ್ ಆರಿಸಿ, ಕೆಪಾಸಿಟರಿನ ಎರಡು ಕಾಲನ್ನೂ ಕೂಡಿಸಿ ಖಾಲಿ ಮಾಡಿ, ಆಮೇಲೆ ಬೆಸುಗೆ ಹಾಕಿದೆ. ಬೆಸೆಯುವಾಗ ಡಯೋಡಿನ ಕಾಲುಗಳಿಗೆ ತೆಳು ತಾಮ್ರದ ತಂತಿ ಸುತ್ತಿಟ್ಟಿದ್ದೆ. ಮೈಯಲ್ಲಿರುವ ಸ್ಥಿರ ವಿದ್ಯುತ್ತೇ ಅದಕ್ಕೆ ಸಾಕು ಸಾಯಲು. ಬಿಸಿ ಹೀರಲು ಅಲ್ಯೂಮಿನಿಯಂ ತುಂಡಿನಲ್ಲಿ ಕೂರಿಸಿದೆ.

ಕಣ್ಣಿನ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. 5 ಮಿಲಿವ್ಯಾಟಿಗಿಂತ ಮೇಲೆ, 500ರ ಒಳಗಿನ ಲೇಸರ್ 3ಬಿ ದರ್ಜೆಯದ್ದು. ರೆಪ್ಪೆ ಮುಚ್ಚುವಷ್ಟರಲ್ಲಿ ಕಣ್ಣು ಹಾಳಾಗಿರುತ್ತದೆ, ವಾಸಿಯೂ ಆಗುವುದಿಲ್ಲ. ಬಿಸಿಲ ಕನ್ನಡಕ ಉಪಯೋಗಕ್ಕಿಲ್ಲ. 650 ನ್ಯಾನೋಮೀಟರ್ ತಡೆಯುವುದೆಂದು ಬರೆದಿರುವ ಕನ್ನಡಕವೇ ಬೇಕು. ಅದು ಕೈಗೆ ಬರುವವರೆಗೆ ನಾನು ಎರಡನೇ ಡಯೋಡ್ ಹಚ್ಚಲೇ ಇಲ್ಲ. ಮೇಜಿನ ಮೇಲಿದ್ದ ಸ್ಟೀಲ್ ಲೋಟ, ಕತ್ತರಿ ಎಲ್ಲ ತೆಗೆದಿಟ್ಟೆ. ಹೊಳೆಯುವ ಯಾವುದರಿಂದಲೂ ಕಿರಣ ಪುಟಿದು ಬರಬಹುದು. ಮಂಜಿನಲ್ಲಿ ಕಿರಣ ಚೆಂದ ಕಾಣುತ್ತದೆ ಅಂತ ಅಂಗಳಕ್ಕೆ ತರುವ ಆಸೆ ಬೇಡವೇ ಬೇಡ. ಶಿವಮೊಗ್ಗದ ಹತ್ತಿರದ ಸೋಗಾನೆ ನಿಲ್ದಾಣದಲ್ಲಿ 2023ರಿಂದ ವಿಮಾನ ಇಳಿಯುತ್ತಿದೆ, ಆಕಾಶಕ್ಕೆ ಬಿಟ್ಟರೆ ಪೈಲಟ್ ಕಣ್ಣಿಗೆ ಹೊಡೆದೀತು.

ಲೇಸರನ್ನು ಮರದ ಡಬ್ಬದೊಳಗೆ ಕೆಳಮುಖವಾಗಿ ಗಟ್ಟಿಯಾಗಿ ಕೂರಿಸಿದೆ. ಕೆಳಗೆ ಅದೇ ಡ್ರೈವಿನ ಗಾಡಿ, ಅದರ ಮೇಲೆ ಹಾಳೆಯ ತುಂಡು. ಗಾಡಿಯ ಸ್ಕ್ರೂ ತಿರುಗಿಸುವ ಹಿಡಿ ಡಬ್ಬದ ಹೊರಗೆ.

ಮೊದಲ ಸಲ ಏನೂ ಆಗಲಿಲ್ಲ. ಒಣ ಹಾಳೆಯ ಬಣ್ಣ ತಿಳಿ, ಕೆಂಪು ಬೆಳಕನ್ನು ವಾಪಸ್ ಕಳಿಸಿಬಿಡುತ್ತದೆ. ಬಚ್ಚಲ ಒಲೆಯ ಮಸಿಯನ್ನು ಬೆರಳಲ್ಲಿ ತೆಗೆದು ಹಾಳೆಗೆ ತೆಳುವಾಗಿ ಸವರಿದೆ. ಮುಚ್ಚಳ ಹಾಕಿ ಮತ್ತೆ ಸ್ವಿಚ್ ಒತ್ತಿದೆ. ಡಬ್ಬದ ಸಂದಿಯಿಂದ ದಾರದಂಥ ಹೊಗೆ ಎದ್ದಿತು. ಒಳಗಿಂದ ಅಮ್ಮ ಕೂಗಿದರು, "ಎಂತ ಸುಡ್ತಿದ್ಯೋ ಅಲ್ಲಿ?"

ಹಿಡಿಯನ್ನು ನಿಧಾನಕ್ಕೆ ತಿರುಗಿಸಿದೆ. ಬೇಗ ತಿರುಗಿಸಿದರೆ ಗೆರೆ ಅಲ್ಲಲ್ಲಿ ತುಂಡಾಗುತ್ತದೆ, ನಿಲ್ಲಿಸಿದರೆ ಹಾಳೆ ತೂತಾಗುತ್ತದೆ. ಸ್ವಿಚ್ ಆರಿಸಿ, ಹಾಳೆ ತೆಗೆದು, ಒದ್ದೆ ಬಟ್ಟೆಯಲ್ಲಿ ಮಸಿ ಒರೆಸಿದೆ. ಮೂರು ಸೆಂಟಿಮೀಟರ್ ಉದ್ದದ ಕಂದು ಗೆರೆ, ಕೂದಲಿಗಿಂತ ಸ್ವಲ್ಪ ದಪ್ಪ. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಲ್ಲಿ ಕೆರೆದು ನೋಡಿದರು. ಹೋಗಲಿಲ್ಲ.